ತಾಯಿ-ಶಿಶು ಪೋಷಣೆ: ತಜ್ಞರ ಶಿಕ್ಷಣಕ್ಕೆ ಧನಸಹಾಯ

ಹಸಿದವರಿಗೆ ಅನ್ನವಿಕ್ಕಲು ಹಣ ಬೇಕೆಂಬುದನ್ನು ಸಮಾಜ ಬಹುಕಾಲದಿಂದ ಬಲ್ಲದು. ಅನ್ನದ ಗುಣವನ್ನರಿತವರನ್ನು ಸಿದ್ಧಗೊಳಿಸಲೂ ಹಣ ಬೇಕೆಂಬುದು ಅಷ್ಟು ಬೇಗ ಹೊಳೆಯುವುದಿಲ್ಲ. 1918ರಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಅವರು ಕೂನೂರಿನ ಒಂದೇ ಕೋಣೆಯ ಪ್ರಯೋಗಶಾಲೆಯಲ್ಲಿ ಬೆರಿಬೆರಿ ರೋಗದ ಶೋಧನೆಗೆ ತೊಡಗಿದರು. ಆ ಕೇಂದ್ರವೇ ಬೆಳೆದು, 1958ರಲ್ಲಿ ಹೈದರಾಬಾದಿಗೆ ಸಾಗಿ, 1969ರಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆಯೆನಿಸಿತು. ಸಾರ್ವಜನಿಕ ಹಣದ ಆಸರೆಯಿಂದ ಅಲ್ಲಿ ಸಂಶೋಧನೆಯೊಡನೆ ಸ್ನಾತಕೋತ್ತರ ಬೋಧನೆಯೂ ನೆಲೆಗೊಂಡಿತು.

1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಯಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದುದು ತಿರುಮಕೂಡಲು ನರಸೀಪುರ. ಅಂಗನವಾಡಿ ಕಾರ್ಯಕರ್ತೆ ಮಗುವನ್ನು ತೂಗಬಲ್ಲಳು. ಆರು ತಿಂಗಳು ದಾಟಿದ ಕೂಸಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಅಪಾಯವೆಂದು ಗುರುತಿಸಬಲ್ಲಳು. ಆದರೆ ಉಂಡ ಮಗುವೂ ಸೊರಗುವುದೇಕೆ? ಮರುಕಳಿಸುವ ಭೇದಿಯೇ, ನೀರಿನ ದೋಷವೇ, ಮೇಲೂಟ ತಡವಾದುದೇ, ತಾಯಿಯ ರಕ್ತಹೀನತೆಯೇ? ಬಿಡಿಸಿ ಹೇಳಲು ನುರಿತ ಕಣ್ಣು ಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗರ್ಭಿಣಿಯರ ಪೈಕಿ ಶೇಕಡಾ 52ರಷ್ಟು ಮಂದಿ ರಕ್ತಹೀನರೆಂದು ಕಂಡುಬಂದಿತು.

ಆ ಕಣ್ಣು ನುರಿಯುವುದು ಗ್ರಂಥಾಲಯದಲ್ಲಲ್ಲ, ಹಳ್ಳಿಯ ಜಗಲಿಯಲ್ಲಿ. ವಾರಗಟ್ಟಲೆ ಊರೂರಿನಲ್ಲಿ ತಂಗಿ, ಮನೆಮನೆಯ ಅಡುಗೆಯನ್ನು ತೂಗಿ, ರಕ್ತಪರೀಕ್ಷೆ ಮಾಡಿಸಬೇಕು. ವಿದ್ಯಾರ್ಥಿವೇತನ ಕಾಲೇಜಿನ ಶುಲ್ಕಕ್ಕೇ ಮುಗಿದುಹೋದರೆ ಬಡ ಮನೆಯ ಹುಡುಗಿ ಹಿಂಜರಿಯುವುದು ಇಲ್ಲಿಯೇ. ಹಳ್ಳಿಯ ಅಡುಗೆಮನೆಯನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವಳೂ ಅವಳೇ! ಆದ್ದರಿಂದ ಪುದುವಟ್ಟು ಇಡುವ ದಾನಿಗಳು ಬಹುಮಾನ, ಪದಕಗಳಿಗಿಂತ ಮೊದಲು ಕ್ಷೇತ್ರಕಾರ್ಯದ ಪ್ರಯಾಣ, ವಸತಿ, ಪರೀಕ್ಷೆಗಳ ವೆಚ್ಚಕ್ಕೆ ಅದರ ಬಡ್ಡಿಯನ್ನು ಮೀಸಲಿಡುವುದು ಯುಕ್ತ.