ರೊಕ್ಕ ಮತ್ತು ಉದ್ರಿ: ಗೃಹಲಕ್ಷ್ಮಿಯ ಕಂತಿನ ಒಂದು ವಿವೇಚನೆ

ಬೆಳಗಾವಿ ಸೀಮೆಯ ಆಡುಮಾತಿನಲ್ಲಿ ಹಣಕ್ಕೆ ‘ರೊಕ್ಕ’ ಎನ್ನುತ್ತಾರೆ. ಕೈಯಲ್ಲಿರುವ ನಗದು ಎಂಬುದೇ ಈ ಶಬ್ದದ ಹಳೆಯ ಅರ್ಥ. ಮರಾಠಿಯ ‘ರೋಖ’ವೂ ಇದೇ ಬಳಗಕ್ಕೆ ಸೇರಿದುದು. ಇದಕ್ಕೆ ಎದುರಾಗಿ ನಿಲ್ಲುವ ಮಾತು ‘ಉದ್ರಿ’. ‘ಇಂದು ನಗದು, ನಾಳೆ ಉದ್ರಿ’ ಎಂಬ ಹಲಗೆಯನ್ನು ಕಿರಾಣಿ ಅಂಗಡಿಗಳಲ್ಲಿ ನೋಡದವರು ವಿರಳ. ಸರಕಾರವು ಬಡ ಸಂಸಾರದ ಖಾತೆಗೆ ನೇರವಾಗಿ ಹಣ ಹಾಕುವುದರಿಂದ ಆ ಸಂಸಾರದಲ್ಲಿ ಏನು ಬದಲಾಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಹುಡುಕುವವರು ಆಯವ್ಯಯದ ಪತ್ರಗಳಿಗಿಂತ ಮೊದಲು ಈ ಎರಡು ಶಬ್ದಗಳನ್ನು ವಿಚಾರಿಸುವುದು ಯುಕ್ತ.

ಕರ್ನಾಟಕದ ಗೃಹಲಕ್ಷ್ಮಿ ಯೋಜನೆಯು 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಉದ್ಘಾಟನೆಗೊಂಡಿತು. ಪಡಿತರ ಚೀಟಿಯಲ್ಲಿ ಕುಟುಂಬದ ಯಜಮಾನಿಯೆಂದು ಹೆಸರಿರುವ ಸ್ತ್ರೀಗೆ ತಿಂಗಳಿಗೆ 2000 ರೂಪಾಯಿ ಸಲ್ಲತಕ್ಕದ್ದು. ಆಕೆಯಾಗಲಿ ಪತಿಯಾಗಲಿ ಆದಾಯ ತೆರಿಗೆ ಕೊಡುವವರಾಗಿದ್ದರೆ ಸಲ್ಲದು. ಫಲಾನುಭವಿಗಳ ಸಂಖ್ಯೆ 1 ಕೋಟಿ 20 ಲಕ್ಷದಷ್ಟಾಯಿತು. ಈ ಮೊತ್ತ ದೊಡ್ಡದೋ ಸಣ್ಣದೋ? ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಬಹುದು. 2023–24ರಲ್ಲಿ ಉದ್ಯೋಗ ಖಾತರಿಯ ದಿನಗೂಲಿ ಕರ್ನಾಟಕದಲ್ಲಿ 316 ರೂಪಾಯಿ ಇದ್ದಿತು. ಅಂದಮೇಲೆ 2000 ರೂಪಾಯಿ ಎಂದರೆ ಆರು ದಿನಗಳ ಕೂಲಿಗಿಂತ ತುಸು ಹೆಚ್ಚು. ಇಷ್ಟರಿಂದ ಯಾವ ಸಂಸಾರವೂ ನಡೆಯದು. ಆದರೆ ಕೂಲಿ ಸಿಗದ ತಿಂಗಳಲ್ಲಿಯೂ ಬರುವ ಹಣ ಇದು, ಮತ್ತು ಹೆಂಗಸಿನ ಹೆಸರಿಗೆ ಬರುವ ಹಣ. ಇದರ ಮಹತ್ವವೆಲ್ಲ ಈ ಎರಡು ಗುಣಗಳಲ್ಲಿ ಅಡಗಿದೆ.

ಖಾನಾಪುರ ತಾಲ್ಲೂಕಿನ ಜಾಂಬೋಟಿ, ಕಣಕುಂಬಿ, ಲೋಂಡಾ ಕಡೆಯ ಹಳ್ಳಿಗಳು ಕಾಡಿನ ಮಡಿಲಲ್ಲಿವೆ. ಅಲ್ಲಿ ಮಳೆ ವಿಪರೀತ. ಆಷಾಢ ಶ್ರಾವಣಗಳಲ್ಲಿ ನಾಟಿಯ ಕೆಲಸ ಮುಗಿದರೆ ಭತ್ತ ಮನೆ ಸೇರುವವರೆಗೆ ಕೈಗೆ ರೊಕ್ಕ ಬರುವ ದಾರಿ ಕಡಿಮೆ. ಮಕ್ಕಳ ಪಾಠಿಯೂ ವಹಿಯೂ ಜ್ವರದ ಔಷಧವೂ ಬೇಕಾಗುವುದು ಮಾತ್ರ ಅದೇ ಕಾಲದಲ್ಲಿ. ಆಗ ಸಂಸಾರವು ಉದ್ರಿಯನ್ನು ಆಶ್ರಯಿಸುತ್ತದೆ. ಉದ್ರಿಗೆ ಬಡ್ಡಿಯಿಲ್ಲವೆಂದು ಹೊರಗಿನವರು ತಿಳಿಯುವುದುಂಟು. ಬಡ್ಡಿಯು ಬೆಲೆಯೊಳಗೇ ಕುಳಿತಿರುತ್ತದೆ. ಉದ್ರಿ ಒಯ್ಯುವವಳು ಬೆಲೆ ಕೇಳುವಂತಿಲ್ಲ, ಎಣ್ಣೆ ಚೆನ್ನಾಗಿಲ್ಲವೆನ್ನುವಂತಿಲ್ಲ, ಬಾಕಿ ತೀರುವವರೆಗೆ ಇನ್ನೊಂದು ಅಂಗಡಿಯ ಮೆಟ್ಟಿಲು ಹತ್ತುವಂತಿಲ್ಲ.

ವಡಗಾವಿಯ ನೇಕಾರರ ಓಣಿಗಳಲ್ಲಿಯೂ ಈ ಕಟ್ಟು ಬೇರೆ ರೂಪದಲ್ಲಿ ಇದೆ. ಅಲ್ಲಿ ಕೂಲಿಯು ಸೀರೆಯ ಲೆಕ್ಕದ್ದು. ಗಂಡಸು ಮಗ್ಗದ ಮುಂದೆ ನಿಂತರೆ ಹೆಂಗಸು ಮನೆಯಲ್ಲಿ ಕುಳಿತು ಕಂಡಿಕೆ ಸುತ್ತುತ್ತಾಳೆ. ಆಕೆಯ ದುಡಿಮೆ ಸೀರೆಯ ಕೂಲಿಯೊಳಗೆ ಕರಗಿಹೋಗುವುದರಿಂದ ಆಕೆಯ ಹೆಸರಿನಲ್ಲಿ ಎಲ್ಲಿಯೂ ಜಮೆಯಾಗುವುದಿಲ್ಲ. ಮಾಲಕರಿಂದ ಪಡೆದ ಮುಂಗಡ ತೀರದೆ ಬೇರೆಯವರ ಮಗ್ಗಕ್ಕೆ ಹೋಗುವುದು ಕಠಿಣ. ಹಳ್ಳಿಯವಳಿಗೆ ಅಂಗಡಿ ಹೇಗೋ, ನೇಕಾರನಿಗೆ ಮುಂಗಡ ಹಾಗೆ.

ಇಂಥ ಸಂಸಾರಕ್ಕೆ ತಿಂಗಳು ತಿಂಗಳು 2000 ರೂಪಾಯಿ ಬರತೊಡಗಿದರೆ ಮೊದಲು ಆಗುವ ಬದಲಾವಣೆ ಕಣ್ಣಿಗೆ ಕಾಣುವಂಥದಲ್ಲ. ಆಕೆ ರೊಕ್ಕ ಕೊಟ್ಟು ಎಣ್ಣೆ ಬೇಳೆಗಳನ್ನು ಕೊಳ್ಳುತ್ತಾಳೆ, ಬೆಲೆ ಕೇಳುತ್ತಾಳೆ, ಹಿಡಿಸದಿದ್ದರೆ ಮುಂದಿನ ಅಂಗಡಿಗೆ ಹೋಗುತ್ತಾಳೆ. 2023ರ ಜೂನ್ 11ರಿಂದ ಸ್ತ್ರೀಯರಿಗೆ ಸಾರಿಗೆ ಬಸ್ಸಿನಲ್ಲಿ ಪ್ರಯಾಣ ಉಚಿತವಾದುದರಿಂದ ಸಂತೆಗೂ ಬ್ಯಾಂಕಿಗೂ ಹೋಗಿಬರುವ ಖರ್ಚು ಉಳಿಯಿತು. ಕೆಲವರು ಕಂತಿನಲ್ಲಿ ಒಂದು ಪಾಲನ್ನು ಓಣಿಯ ಭಿಶಿಗೆ ಕಟ್ಟಿ, ತಮ್ಮ ಸರದಿ ಬಂದಾಗ ಹೊಲಿಗೆ ಯಂತ್ರವನ್ನೋ ಆಡನ್ನೋ ಕೊಳ್ಳುತ್ತಾರೆ. ರಾಯಬಾಗ ತಾಲ್ಲೂಕಿನ ವೃದ್ಧೆಯೊಬ್ಬರು ಕೂಡಿಟ್ಟ ಕಂತುಗಳಿಂದ 2024ರಲ್ಲಿ ಊರಿನವರಿಗೆ ಹೋಳಿಗೆಯ ಊಟ ಹಾಕಿಸಿದುದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಅಂಗಡಿಯ ಬಾಕಿ ತೀರಿಸಿದ ಸಾವಿರಾರು ಹೆಂಗಸರ ಬಗ್ಗೆ ಸುದ್ದಿಯಾಗುವುದಿಲ್ಲ; ಆದರೆ ಯೋಜನೆಯ ತಿರುಳು ಅಲ್ಲಿಯೇ ಇದೆ.

ದುಡಿಯದೆ ಬಂದ ಹಣ ಮನುಷ್ಯನನ್ನು ಸೋಮಾರಿಯಾಗಿಸುವುದೆಂಬ ಆಕ್ಷೇಪವಿದೆ. ಕಾಯಕವನ್ನು ಹಿರಿದೆಂದು ಬಗೆದ ನಾಡಿನಲ್ಲಿ ಈ ಆಕ್ಷೇಪ ಏಳುವುದು ಸಹಜವೇ. ಇದಕ್ಕೆ ಎರಡು ಉತ್ತರಗಳಿವೆ. ನೀರು ತರುವ, ಸೆಗಣಿ ಬಳಿಯುವ, ಕಂಡಿಕೆ ಸುತ್ತುವ ಹೆಂಗಸನ್ನು ದುಡಿಯದವಳೆಂದು ಎಣಿಸಿದುದೇ ಮೊದಲ ದೋಷ. ಎರಡನೆಯದು ಪ್ರಯೋಗದಿಂದ ತಿಳಿದ ಸಂಗತಿ. ಮಧ್ಯಪ್ರದೇಶದ ಕೆಲವು ಹಳ್ಳಿಗಳಲ್ಲಿ 2011ರಿಂದ ಸೇವಾ ಸಂಸ್ಥೆಯು ಯುನಿಸೆಫ್ ನೆರವಿನಿಂದ, ಮೊದಲಿಗೆ ಹಿರಿಯರಿಗೆ ತಿಂಗಳಿಗೆ 200 ಹಾಗೂ ಮಕ್ಕಳಿಗೆ 100 ರೂಪಾಯಿ ಕೊಟ್ಟು ಪರೀಕ್ಷಿಸಿತು. ಜನರು ಕೆಲಸ ಬಿಡಲಿಲ್ಲ; ಪರರ ಹೊಲದ ಕೂಲಿ ತಗ್ಗಿಸಿ ತಮ್ಮ ಹೊಲದ ಕೆಲಸ ಹೆಚ್ಚಿಸಿಕೊಂಡರು. ಕುಡಿತ ಹೆಚ್ಚಿದುದಕ್ಕೂ ಆಧಾರ ಸಿಗಲಿಲ್ಲ.

ಆದರೆ ಎಲ್ಲವನ್ನೂ ರೊಕ್ಕದಲ್ಲಿಯೇ ಕೊಡುವುದು ಲೇಸೆಂದಲ್ಲ. 2023ರ ಜುಲೈಯಲ್ಲಿ ಅನ್ನಭಾಗ್ಯದ ಹೆಚ್ಚುವರಿ ಐದು ಕಿಲೋ ಅಕ್ಕಿ ದೊರೆಯದೆ, ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಕೊಡಲಾಯಿತು. ಅಕ್ಕಿಯ ಪೇಟೆ ದರ ಏರಿದರೂ 170 ರೂಪಾಯಿ ಏರಲಿಲ್ಲ. 2025ರ ಫೆಬ್ರವರಿಯಿಂದ ಹಣದ ಬದಲು ಅಕ್ಕಿಯನ್ನೇ ಕೊಡುವ ಏರ್ಪಾಡಾಯಿತು. ಹೊಟ್ಟೆಗೆ ಬೇಕಾದ ಕಾಳು ಕಾಳಾಗಿಯೇ ಬರುವುದು ಒಳಿತು ಎನ್ನುವವರ ಮಾತಿನಲ್ಲಿ ಹುರುಳಿದೆ.

ಇನ್ನು ‘ಯಜಮಾನಿ’ ಎಂಬ ಮಾತು. ಯಜ್ ಧಾತುವಿನಿಂದ ಬಂದ ‘ಯಜಮಾನ’ ಶಬ್ದಕ್ಕೆ ತನಗಾಗಿ ಯಜ್ಞವನ್ನು ಮಾಡಿಸುವವನು, ಅದರ ವೆಚ್ಚವನ್ನು ಹೊರುವವನು ಎಂದರ್ಥ. ಕನ್ನಡದಲ್ಲಿ ಅದು ಮನೆಯ ಒಡೆಯನಿಗೆ ಸಂದಿತು. ಯಜಮಾನಿ ಎಂದರೆ ಬಹುಕಾಲ ಒಡೆಯನ ಹೆಂಡತಿ ಎಂದಷ್ಟೇ ಆಗಿತ್ತು. ಪ್ರಧಾನಮಂತ್ರಿ ಕಿಸಾನ್ ಯೋಜನೆಯಡಿ 2019ರಿಂದ ವರ್ಷಕ್ಕೆ ಮೂರು ಕಂತುಗಳಲ್ಲಿ ಬರುವ 6000 ರೂಪಾಯಿ ಹೊಲದ ಉತಾರದಲ್ಲಿ ಹೆಸರಿರುವವರಿಗೆ ಸಲ್ಲುತ್ತದೆ, ಅಂದರೆ ಬಹುಮಟ್ಟಿಗೆ ಗಂಡಸಿಗೆ. ಗೃಹಲಕ್ಷ್ಮಿಯು ಈ ರೂಢಿಯನ್ನು ತಿರುಗಿಸಿತು. ಜೊತೆಗೆ ಹೊಸ ತೊಡಕನ್ನೂ ತಂದಿತು. ಒಂದು ಮನೆಗೆ ಒಬ್ಬಳೇ ಯಜಮಾನಿ. ಕೂಡು ಕುಟುಂಬದಲ್ಲಿ ಆಕೆ ಸಾಮಾನ್ಯವಾಗಿ ಅತ್ತೆ. ಕೂಸಿನ ಹಾಲಿಗಾಗಿ ಸೊಸೆ ಅತ್ತೆಯ ಮುಖ ನೋಡಬೇಕು. ಗಡಿಯಾಚೆ ಮಹಾರಾಷ್ಟ್ರದಲ್ಲಿ 2024ರಲ್ಲಿ ಆರಂಭವಾದ ‘ಲಾಡಕಿ ಬಹೀಣ’ ಯೋಜನೆಯ ಮೊತ್ತ 1500 ರೂಪಾಯಿ, ಇಲ್ಲಿಗಿಂತ ಕಡಿಮೆ. ಆದರೆ ಅರ್ಹತೆಯಿದ್ದರೆ ಒಂದೇ ಮನೆಯ ಒಬ್ಬರಿಗಿಂತ ಹೆಚ್ಚು ಸ್ತ್ರೀಯರಿಗೂ ಬರಬಹುದು. ಚಂದಗಡದ ಕಡೆ ಬೀಗರಿರುವ ಬೆಳಗಾವಿಯ ಮನೆಗಳಲ್ಲಿ ಈ ಹೋಲಿಕೆಯ ಮಾತು ಏಳದಿರದು.

ಕಂತಿನ ಬಲವಿರುವುದು ಅದು ಹೊತ್ತಿಗೆ ಸರಿಯಾಗಿ ಬರುವುದರಲ್ಲಿ. ಹಣ ಎರಡು ಮೂರು ತಿಂಗಳು ತಡೆದರೆ ಅಂಗಡಿಯ ಉದ್ರಿ ವಹಿ ಮತ್ತೆ ತೆರೆಯುತ್ತದೆ. ಕೂಡಿ ಬಂದ ಹಣ ಬಾಕಿಗೆ ಜಮೆಯಾಗಿ, ಆಕೆ ಬಿಟ್ಟುಬಂದ ಜಾಗಕ್ಕೇ ಮರಳುತ್ತಾಳೆ. 2025ರ ಫೆಬ್ರವರಿ ಹಾಗೂ ಮಾರ್ಚ್ ತಿಂಗಳ ಕಂತುಗಳು ತಲುಪಿಲ್ಲವೆಂಬ ವಿಷಯವು ಅದೇ ವರ್ಷದ ಡಿಸೆಂಬರಿನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದ ಅಧಿವೇಶನದಲ್ಲಿಯೇ ಚರ್ಚೆಗೆ ಬಂದಿತು. ಕಿರುಸಾಲದ ವಾರದ ಕಂತು ಮಾತ್ರ ಯಾರಿಗಾಗಿಯೂ ತಡೆಯುವುದಿಲ್ಲ. ಸಾಲ ವಸೂಲಿಯ ಕಿರುಕುಳ ಮಿತಿಮೀರಿ 2025ರ ಫೆಬ್ರವರಿಯಲ್ಲಿ ರಾಜ್ಯವು ಸುಗ್ರೀವಾಜ್ಞೆ ಹೊರಡಿಸಬೇಕಾಯಿತು.

ಶಾಲೆಯ ಮಕ್ಕಳು ಮನೆಯಲ್ಲಿ ಮಾಡಬಹುದಾದ ಕೆಲಸವೂ ಇಲ್ಲಿದೆ. ಈ ಹಣ ಸೇರುವುದು ಆಧಾರ್ ಸಂಖ್ಯೆಯು ಕಡೆಯ ಸಲ ಜೋಡಣೆಯಾದ ಖಾತೆಗೆ. ಎರಡು ಬ್ಯಾಂಕುಗಳಲ್ಲಿ ಖಾತೆಯಿರುವ ಅಜ್ಜಿಯು ಹಳೆಯ ಪುಸ್ತಕವನ್ನು ಹಿಡಿದು ಹಣ ಬಂದಿಲ್ಲವೆಂದು ಕಾಯುತ್ತ ಕೂಡಬಹುದು. ಹಣವು ಇನ್ನೊಂದರಲ್ಲಿ ಬಿದ್ದಿರಬಹುದು. ಪಡಿತರ ಚೀಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಇದ್ದರೂ ತೊಡಕೇ. ಯಜಮಾನಿಯು ತೀರಿಕೊಂಡರೆ ಆಕೆಯ ಹೆಸರಿನ ಕಂತು ನಿಲ್ಲುತ್ತದೆ. ಚೀಟಿಯಲ್ಲಿ ಸೊಸೆಯ ಹೆಸರನ್ನು ಯಜಮಾನಿಯೆಂದು ತಿದ್ದಿಸಿ ಹೊಸದಾಗಿ ಅರ್ಜಿ ಕೊಟ್ಟ ಬಳಿಕವೇ ಆ ಮನೆಗೆ ಹಣ ಮತ್ತೆ ಬರತೊಡಗುವುದು.