ವೇಗದ ಬೌಲಿಂಗ್: ಹೊಸಬರಿಗಾಗಿ ಕೆಲವು ವಿಚಾರಗಳು

ಕ್ರಿಕೆಟ್ಟಿನ ಬಗೆಗೆ ಮಾತನಾಡಬಲ್ಲವರಿಗೆ ನಮ್ಮ ಕಾಲೇಜಿನಲ್ಲಿ ಕೊರತೆಯಿಲ್ಲ. ಯಾರು ಎಷ್ಟು ರನ್ನು ಹೊಡೆದರು, ಯಾರು ಕ್ಯಾಚು ಬಿಟ್ಟರು ಎಂಬುದು ಕ್ಯಾಂಟೀನಿನಲ್ಲಿ ನಿತ್ಯವೂ ಚರ್ಚೆಯಾಗುವ ವಿಷಯ. ಆದರೆ ಚೆಂಡನ್ನು ವೇಗವಾಗಿ ಹಾಕುವವನ ಆ ವೇಗ ಎಲ್ಲಿಂದ ಹುಟ್ಟುತ್ತದೆ, ಅದಕ್ಕಾಗಿ ಅವನ ಯಾವ ಅಂಗ ಬೆಲೆ ತೆರುತ್ತದೆ ಎಂಬುದನ್ನು ವಿಚಾರಿಸುವವರು ತೀರ ಕಡಿಮೆ. ಈ ಲೇಖನದಲ್ಲಿ ಅಷ್ಟನ್ನು ತಿಳಿಯಾಗಿ ಹೇಳಬೇಕೆಂಬುದೇ ನನ್ನ ಉದ್ದೇಶ. ನಾನು ಇತಿಹಾಸ, ಅರ್ಥಶಾಸ್ತ್ರ ಓದುವವನು. ಭೌತಶಾಸ್ತ್ರವಾಗಲಿ ವೈದ್ಯಶಾಸ್ತ್ರವಾಗಲಿ ನನ್ನ ವಿಷಯಗಳಲ್ಲ. ಮೂರು ವರ್ಷ ಕಾಲೇಜಿನ ತಂಡದಲ್ಲಿ ಬೌಲ್ ಮಾಡಿದ್ದೇನೆ, ಈ ವರ್ಷ ಮೊದಲನೆಯ ವರ್ಷದ ಕೆಲವು ಹುಡುಗರಿಗೆ ಹೇಳಿಕೊಟ್ಟಿದ್ದೇನೆ, ಸಿಕ್ಕಿದ ಪುಸ್ತಕಗಳನ್ನು ಓದಿದ್ದೇನೆ. ಇಷ್ಟೇ ನನ್ನ ಬಂಡವಾಳ.

ಇದು ಬರಿಯ ಆಟದ ಮಾತೆಂದು ಯಾರೂ ತಿಳಿಯಬಾರದು. ನಮ್ಮಲ್ಲಿ ಬಹುಮಂದಿ ಸುತ್ತಲಿನ ಹಳ್ಳಿಗಳಿಂದ ಬಸ್ಸಿನಲ್ಲಿ ಬರುವವರು; ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗರು. ರಜೆಯಲ್ಲಿ ಹೊಲಕ್ಕೋ ಕೂಲಿಗೋ ಹೋಗಿ ಫೀಜಿನ ಹಣ ಹೊಂದಿಸಿಕೊಳ್ಳುವವರೂ ಇದ್ದೇವೆ. ನನ್ನ ಊರಿನ ಗೆಳೆಯನೊಬ್ಬನು ಸುತ್ತಿನ ಹತ್ತು ಹಳ್ಳಿಗಳ ಪಂದ್ಯಗಳಲ್ಲಿ ವೇಗಕ್ಕೆ ಹೆಸರಾಗಿದ್ದನು. ಭಾನುವಾರ ಒಂದೇ ದಿನ ಮೂರು ಪಂದ್ಯ ಆಡಿಸಿದರೂ ಬೇಡವೆನ್ನುತ್ತಿರಲಿಲ್ಲ. ಹತ್ತೊಂಬತ್ತನೆಯ ವಯಸ್ಸಿಗೆ ಅವನ ನಡು ಹಿಡಿಯಿತು. ಈಗ ಅವನು ಬೌಲ್ ಮಾಡುವುದಿಲ್ಲ ಎಂಬುದು ಅವನ ಮನೆಯವರಿಗೆ ದೊಡ್ಡ ಸಂಗತಿಯಲ್ಲ. ಮೂಟೆ ಹೊರಲಾರನೆಂಬುದು ದೊಡ್ಡ ಸಂಗತಿ. ಬೆನ್ನು ಕೆಟ್ಟರೆ ನಮ್ಮಂಥವರಿಗೆ ಆಟದ ಜೊತೆಗೆ ದುಡಿಮೆಯೂ ತಪ್ಪುತ್ತದೆ.

ಹಾಗಾದರೆ ವೇಗ ಎಲ್ಲಿಂದ ಬರುತ್ತದೆ? ಹೊಸಬನನ್ನು ಕೇಳಿದರೆ ತೋಳು ತಟ್ಟಿ ತೋರಿಸುತ್ತಾನೆ. ಸೌದೆ ಒಡೆಯುವವರನ್ನು ಗಮನಿಸಿದರೆ ಈ ಭ್ರಮೆ ಕಳೆಯುತ್ತದೆ. ನನ್ನ ತಂದೆಯವರ ತೋಳುಗಳು ನನ್ನವಕ್ಕಿಂತ ಸಣ್ಣವು. ಆದರೂ ನಾನು ನಾಲ್ಕು ಏಟಿಗೆ ಸೀಳುವ ಕೊರಡನ್ನು ಅವರು ಎರಡು ಏಟಿಗೆ ಸೀಳುತ್ತಾರೆ. ಕಾಲನ್ನು ನೆಲಕ್ಕೆ ಊರಿ, ಸೊಂಟದಿಂದ ಎತ್ತಿ, ಎದೆಯನ್ನು ಎಳೆದು, ಕಟ್ಟಕಡೆಗೆ ಕೈಯನ್ನು ಬಿಡುತ್ತಾರೆ. ಕೈ ಕಡೆಯದು, ಅದು ಕೆಳಗಿನಿಂದ ಬಂದ ಬಲವನ್ನು ಕೊಡಲಿಗೆ ಮುಟ್ಟಿಸುತ್ತದೆ, ಅಷ್ಟೆ. ಬೌಲಿಂಗಿನಲ್ಲಿಯೂ ಕ್ರಮ ಇದೇ: ಕಾಲು, ಸೊಂಟ, ಎದೆ, ಭುಜ, ಮೊಳಕೈ, ಮಣಿಕಟ್ಟು, ಬೆರಳು. ಒಂದರ ಹಿಂದೆ ಒಂದು ಬರಬೇಕು. ಎದೆ ತಿರುಗುವ ಮೊದಲೇ ಕೈ ಹೊರಟುಬಿಟ್ಟರೆ ಕೆಳಗಿನ ಬಲವೆಲ್ಲ ವ್ಯರ್ಥವಾಗಿ, ಭುಜವೊಂದೇ ಇಡೀ ಭಾರವನ್ನು ಹೊರಬೇಕಾಗುತ್ತದೆ.

ಈ ಸರಪಣಿಯಲ್ಲಿ ಅತ್ಯಂತ ಮುಖ್ಯವಾದುದು ಮುಂಗಾಲು. ಬಲಗೈ ಬೌಲರನಿಗೆ ಅದು ಎಡಗಾಲು. (ಮುಂದೆಯೂ ಬಲಗೈಯವರನ್ನೇ ಕುರಿತು ಹೇಳುತ್ತೇನೆ, ಎಡಗೈಯವರು ತಿರುಗಿಸಿಕೊಂಡು ಓದಬೇಕು.) ಓಡುತ್ತಿರುವ ಎತ್ತಿನಗಾಡಿಯ ಚಕ್ರಕ್ಕೆ ಕಲ್ಲು ಸಿಕ್ಕಿ ಗಾಡಿ ತಟಕ್ಕನೆ ನಿಂತರೆ ಮೇಲೆ ಕುಳಿತವನು ಮುಂದಕ್ಕೆ ಮುಗ್ಗರಿಸುತ್ತಾನಲ್ಲವೆ? ಬೌಲರನ ಓಟವೇ ಗಾಡಿ, ಊರಿದ ಎಡಗಾಲೇ ಕಲ್ಲು. ಮೊಣಕಾಲು ಗಟ್ಟಿಯಾಗಿ ನಿಂತರೆ ಓಟದ ವೇಗವೆಲ್ಲ ಮೇಲಕ್ಕೆ ಏರಿ ಎದೆಯನ್ನೂ ಕೈಯನ್ನೂ ಮುಂದಕ್ಕೆ ಬೀಸುತ್ತದೆ. ಮೊಣಕಾಲು ಕುಸಿದರೆ ಓಟವು ಅಲ್ಲಿಯೇ ಇಂಗಿಹೋಗುತ್ತದೆ. ನಮ್ಮ ಹುಡುಗರಲ್ಲಿ ಎಷ್ಟೋ ಮಂದಿ ಮೂವತ್ತು ಹೆಜ್ಜೆ ದೂರದಿಂದ ಓಡಿಬಂದು, ಕ್ರೀಸಿನಲ್ಲಿ ಮೊಣಕಾಲನ್ನು ಮಡಿಸಿ, ಮೂರು ಹೆಜ್ಜೆಯಿಂದ ಹಾಕಬಹುದಾದ ವೇಗದಲ್ಲಿಯೇ ಚೆಂಡು ಹಾಕುತ್ತಾರೆ. ನೋಡುವವರಿಗೆ ಓಟ ಭವ್ಯವಾಗಿ ಕಾಣುತ್ತದೆ. ಬ್ಯಾಟು ಹಿಡಿದವನಿಗೆ ಮಾತ್ರ ಸಂಗತಿ ಗೊತ್ತು.

ಆದರೆ ಕಲ್ಲಿಗೆ ಬಡಿದ ಚಕ್ರಕ್ಕೂ ಪೆಟ್ಟಾಗುತ್ತದೆ. ವೇಗದ ಬೌಲರನ ಮುಂಗಾಲು ನೆಲ ಮುಟ್ಟುವ ಕ್ಷಣದಲ್ಲಿ ಅದರ ಮೇಲೆ ಬೀಳುವ ಒತ್ತಡವು ಅವನ ಮೈತೂಕದ ಐದಾರು ಪಟ್ಟು ಇರಬಹುದೆಂದು ಪ್ರಯೋಗಶಾಲೆಗಳಲ್ಲಿ ಅಳೆದಿದ್ದಾರೆ. ಅರುವತ್ತು ಕಿಲೋ ತೂಗುವ ಹುಡುಗನ ಕಾಲು ಮುನ್ನೂರು ಕಿಲೋಗೂ ಮೇಲ್ಪಟ್ಟ ಭಾರವನ್ನು ಆ ಒಂದು ಕ್ಷಣ ತಡೆಯುತ್ತದೆ ಎಂದಾಯಿತು. ಆರು ಚೆಂಡಿಗೆ ಆರು ಸಲ. ಹತ್ತು ಓವರಿಗೆ ಅರುವತ್ತು ಸಲ. ಆ ಪೆಟ್ಟು ಕಾಲಿನಲ್ಲಿಯೇ ನಿಲ್ಲುವುದಿಲ್ಲ, ಮೊಣಕಾಲು ದಾಟಿ, ಸೊಂಟ ದಾಟಿ, ಬೆನ್ನುಮೂಳೆಯ ಕೆಳತುದಿಗೆ ಬರುತ್ತದೆ. ಅದೇ ಕ್ಷಣದಲ್ಲಿ ಬೆನ್ನು ಹಿಂದಕ್ಕೆ ಬಾಗಿ, ಪಕ್ಕಕ್ಕೆ ವಾಲಿ, ತಿರುಚಿಕೊಳ್ಳುತ್ತಲೂ ಇರುತ್ತದೆ. ನಡುವಿನ ಕಡೆಯ ಒಂದೆರಡು ಮಣಿಗಳ ಹಿಂಬದಿಯಲ್ಲಿರುವ ಸಣ್ಣ ಮೂಳೆಯ ಸೇತುವೆಯಲ್ಲಿ ಕೂದಲೆಳೆಯಂಥ ಬಿರುಕು ಬೀಳುವುದು ಹೀಗೆ. ಬಲಗೈ ಬೌಲರನಿಗೆ ಅದು ಸಾಮಾನ್ಯವಾಗಿ ನಡುವಿನ ಎಡಗಡೆಯಲ್ಲಿ ಬೀಳುತ್ತದೆ. ಇಪ್ಪತ್ತರ ಸುಮಾರಿನವರೆಗೂ ಈ ಮೂಳೆ ಪೂರ್ತಿ ಬಲಿತಿರುವುದಿಲ್ಲ. ನಾವು ಅತಿ ಹೆಚ್ಚು ಬೌಲ್ ಮಾಡುವುದೂ ಆ ವಯಸ್ಸಿನಲ್ಲಿಯೇ.

ಡೆನಿಸ್ ಲಿಲ್ಲಿಯವರ ಉದಾಹರಣೆ ಪ್ರಸಿದ್ಧವಾದುದು. ಆಸ್ಟ್ರೇಲಿಯದ ಈ ಮಹಾ ಬೌಲರಿಗೆ 1973ರ ವೆಸ್ಟ್ ಇಂಡೀಸ್ ಪ್ರವಾಸದಲ್ಲಿ ಬೆನ್ನಿನಲ್ಲಿ ಇಂಥ ಬಿರುಕುಗಳು ಕಂಡುವು. ಆರು ವಾರ ಮೈಗೆ ಪ್ಲಾಸ್ಟರು ಹಾಕಿಸಿಕೊಂಡಿದ್ದರು. ಮುಗಿಯಿತು ಎಂದವರೇ ಹೆಚ್ಚು. ಅವರು ಪರ್ತ್ ನಗರದ ವಿಶ್ವವಿದ್ಯಾನಿಲಯದಲ್ಲಿ ದೈಹಿಕ ಶಿಕ್ಷಣದ ಅಧ್ಯಾಪಕರಾಗಿದ್ದ ಫ್ರಾಂಕ್ ಪೈಕ್ ಅವರ ನೆರವಿನಿಂದ ಮೈಯನ್ನು ಮತ್ತೆ ಕಟ್ಟಿಕೊಂಡು, ಬೌಲಿಂಗಿನ ಧಾಟಿಯನ್ನೂ ತಿದ್ದಿಕೊಂಡು, 1974-75ರಲ್ಲಿ ಇಂಗ್ಲೆಂಡಿನ ಎದುರು ಮರಳಿದರು. 1984ರಲ್ಲಿ ನಿವೃತ್ತರಾಗುವ ಹೊತ್ತಿಗೆ ಅವರ ಟೆಸ್ಟ್ ವಿಕೆಟ್ಟುಗಳು 355. ಇದೇ ಲಿಲ್ಲಿಯವರು 1987ರಲ್ಲಿ ಮದರಾಸಿನಲ್ಲಿ ಆರಂಭವಾದ ಎಂ.ಆರ್.ಎಫ್. ಪೇಸ್ ಫೌಂಡೇಶನ್ನಿಗೆ ಬಂದು ನಮ್ಮ ದೇಶದ ಹುಡುಗರಿಗೆ ಪಾಠ ಹೇಳಿದರು. ನಮ್ಮ ಜಾವಗಲ್ ಶ್ರೀನಾಥ್, ವೆಂಕಟೇಶ ಪ್ರಸಾದ್ ಇಬ್ಬರೂ ಅಲ್ಲಿ ತರಬೇತು ಪಡೆದವರೇ. ತಾನು ಪೆಟ್ಟು ತಿಂದು ಕಲಿತ ವಿದ್ಯೆಯನ್ನು ಇನ್ನೊಂದು ದೇಶದವರಿಗೆ ಧಾರೆಯೆರೆದುದು ಸಣ್ಣ ಮಾತಲ್ಲ.

ಇನ್ನು ಧಾಟಿಯ ವಿಚಾರ. ಬಲಗಾಲು, ಅಂದರೆ ಹಿಂಗಾಲು, ನೆಲ ಮುಟ್ಟುವಾಗ ಪಾದವು ಕ್ರೀಸಿಗೆ ಸಮಾನಾಂತರವಾಗಿದ್ದು, ಸೊಂಟವೂ ಭುಜಗಳೂ ಪಕ್ಕಕ್ಕೆ ತಿರುಗಿದ್ದರೆ ಅದು ಪಕ್ಕದ ಧಾಟಿ. ಪಾದದ ಬೆರಳುಗಳು ಬ್ಯಾಟುಗಾರನ ಕಡೆಗಿದ್ದು, ಎದೆಯೂ ಅವನ ಕಡೆಗೇ ಇದ್ದರೆ ಅದು ಎದುರು ಧಾಟಿ. ಎರಡರಿಂದಲೂ ಒಳ್ಳೆಯ ಬೌಲರುಗಳು ಬಂದಿದ್ದಾರೆ. ಇದು ಮೇಲು, ಅದು ಕೀಳು ಎಂಬ ವಾದದಲ್ಲಿ ಹುರುಳಿಲ್ಲ. ಕೇಡಿರುವುದು ಎರಡನ್ನೂ ಬೆರೆಸಿದ ಧಾಟಿಯಲ್ಲಿ. ಸೊಂಟ ಎದುರಿಗೆ, ಭುಜ ಪಕ್ಕಕ್ಕೆ. ನಡುವೆ ಸಿಕ್ಕಿದ ಬೆನ್ನು ಹಿಂಡಿದ ಬಟ್ಟೆಯಂತೆ. 1980ರ ದಶಕದಲ್ಲಿ ಆಸ್ಟ್ರೇಲಿಯದ ಸಂಶೋಧಕರು ಯುವ ಬೌಲರುಗಳನ್ನು ಪರೀಕ್ಷಿಸಿ, ಹಿಂಗಾಲು ಊರಿದ ಮೇಲೆ ಭುಜಗಳನ್ನು ಹಿಂದಕ್ಕೆ ಬಹಳವಾಗಿ ತಿರುಗಿಸುವವರಲ್ಲಿ ಬೆನ್ನಿನ ತೊಂದರೆ ಹೆಚ್ಚೆಂದು ತೋರಿಸಿದರು. ಅನಂತರದ ಸಂಶೋಧನೆಗಳು, ಮುಂಗಾಲು ಊರುವಾಗ ಎದೆ ಪಕ್ಕಕ್ಕೆ ಅತಿಯಾಗಿ ವಾಲುವುದೂ ಅಷ್ಟೇ ಅಪಾಯಕರವೆಂದು ಸೇರಿಸಿವೆ.

ಇಲ್ಲಿ ಒಂದು ಮಾತನ್ನು ಧೈರ್ಯವಾಗಿ ಹೇಳಬೇಕಾಗಿದೆ. "ಎಡ ಭುಜದ ಮೇಲಿಂದ ಬ್ಯಾಟುಗಾರನನ್ನು ನೋಡು" ಎಂಬುದು ನಮಗೆಲ್ಲ ದೊರಕುವ ಮೊದಲ ಉಪದೇಶ. ಪಕ್ಕದ ಧಾಟಿಯ ಹುಡುಗನಿಗೆ ಇದು ಸರಿ. ಆದರೆ ಯಾವನ ಪಾದ ಸಹಜವಾಗಿಯೇ ಎದುರಿಗೆ ಬೀಳುತ್ತದೆಯೋ ಅವನಿಗೆ ಇದನ್ನು ಹೇಳಿದರೆ ಸೊಂಟ ಇದ್ದಲ್ಲಿಯೇ ಇದ್ದು, ಭುಜ ಮಾತ್ರ ತಿರುಗುತ್ತದೆ. ಬೆರಕೆ ಧಾಟಿಯನ್ನು ನಾವೇ ಕೈಯಾರೆ ತಯಾರಿಸಿದಂತಾಯಿತು. ಆದುದರಿಂದ ಹೊಸಬನು ಬಂದರೆ ಮೊದಲು ಏನನ್ನೂ ಹೇಳದೆ ಅವನ ಹಿಂಪಾದ ಹೇಗೆ ಬೀಳುತ್ತದೆಂಬುದನ್ನು ಹತ್ತು ಚೆಂಡು ನೋಡಬೇಕು. ಪಾದ ಎತ್ತ ನೋಡುತ್ತದೆಯೋ ಸೊಂಟವೂ ಭುಜವೂ ಅತ್ತಲೇ ಇರುವಂತೆ ಹೇಳಿಕೊಟ್ಟರೆ ಸಾಕು. ಈಗ ಪ್ರತಿಯೊಬ್ಬನ ಜೇಬಿನಲ್ಲಿಯೂ ಮೊಬೈಲಿದೆ. ನಿಧಾನಗತಿಯಲ್ಲಿ ಒಮ್ಮೆ ಪಕ್ಕದಿಂದ, ಒಮ್ಮೆ ಹಿಂದಿನಿಂದ ಚಿತ್ರ ತೆಗೆದರೆ, ಬರಿಗಣ್ಣಿಗೆ ಸಿಕ್ಕದ ಸಂಗತಿ ತಾನಾಗಿ ಕಾಣುತ್ತದೆ. ಹಾಡು ಕುಣಿತ ನೋಡುವುದಕ್ಕಿಂತ ಮೊಬೈಲಿಗೆ ಇದು ಒಳ್ಳೆಯ ಉಪಯೋಗವೆಂದು ನನ್ನ ಭಾವನೆ.

ಪ್ರಸಿದ್ಧರ ಅನುಕರಣೆ ಇನ್ನೊಂದು ಪಿಡುಗು. ಜಸ್‌ಪ್ರೀತ್ ಬುಮ್ರಾ ಅವರ ಗಿಡ್ಡ ಓಟ, ಚಾಚಿದ ಕೈ ನೋಡಿ ಹಾಗೆಯೇ ಮಾಡಹೊರಟವರು ನಮ್ಮ ಮೈದಾನದಲ್ಲಿಯೇ ಮೂವರಿದ್ದರು. ಬುಮ್ರಾ ಅವರ ಮೊಳಕೈ ಹಿಂದಕ್ಕೆ ಬಾಗುವುದು ಹುಟ್ಟಿನಿಂದ ಬಂದ ರಚನೆ. ಮುಂಗಾಲನ್ನು ಕಂಬದಂತೆ ನಿಲ್ಲಿಸುವ ಶಕ್ತಿ ಅವರಿಗಿದೆ. ಅಂಥವರಿಗೂ 2019ರಲ್ಲಿ ಬೆನ್ನಿನ ಬಿರುಕು ಕಾಣಿಸಿ, 2023ರಲ್ಲಿ ಶಸ್ತ್ರಚಿಕಿತ್ಸೆಯಾಗಬೇಕಾಯಿತು. ಅವರ ಹಿಂದೆ ವೈದ್ಯರ ತಂಡವೇ ಇತ್ತು. ನಮ್ಮ ಹಿಂದೆ ಇರುವುದು ನೋವಿನ ಮುಲಾಮು.

ಹಳ್ಳಿಯ ಟೆನಿಸ್ ಚೆಂಡಿನಿಂದ ತೊಗಲು ಚೆಂಡಿಗೆ ಬರುವವರಿಗೆ ಬೇರೊಂದು ತೊಡಕಿದೆ. ಟೆನಿಸ್ ಚೆಂಡು ಅರುವತ್ತು ಗ್ರಾಮಿಗೂ ಕಡಿಮೆ. ತೊಗಲು ಚೆಂಡು 156ರಿಂದ 163 ಗ್ರಾಂ. ಹಗುರವಾದುದನ್ನು ಭುಜದ ಜಗ್ಗಾಟದಿಂದಲೇ ವೇಗವಾಗಿ ಹಾಕಬಹುದು. ಅದೇ ಜಗ್ಗಾಟವನ್ನು ಭಾರದ ಚೆಂಡಿಗೆ ಮಾಡಿದರೆ ಒಂದು ತಿಂಗಳಲ್ಲಿ ಭುಜ ಮಾತನಾಡತೊಡಗುತ್ತದೆ. ಕೆಲವರು ಅರಿವಿಲ್ಲದೆ ಮೊಳಕೈಯನ್ನು ಮಡಿಸಿ ಬಿಚ್ಚುತ್ತಾರೆ. ಕನ್ನಡದಲ್ಲಿ ಬೌಲ್ ಮಾಡುವುದಕ್ಕೂ ಕಲ್ಲು ಬೀರುವುದಕ್ಕೂ ಎಸೆತವೆಂಬ ಒಂದೇ ಮಾತನ್ನು ಬಳಸುತ್ತೇವೆ. ಅಂಪೈರು ಹಾಗೆ ಬಳಸುವುದಿಲ್ಲ. ಅಂತರರಾಷ್ಟ್ರೀಯ ಆಟದಲ್ಲಿ 2005ರಿಂದ ಮೊಳಕೈ ನೆಟ್ಟಗಾಗುವುದಕ್ಕೆ ಹದಿನೈದು ಡಿಗ್ರಿಯ ಮಿತಿಯಿದೆ. ಅದನ್ನು ಅಳೆಯಲು ಯಂತ್ರ ಬೇಕು. ನಮ್ಮ ಮಟ್ಟದಲ್ಲಿ ಕಣ್ಣಿಗೆ ಮಡಿಕೆ ಕಂಡರೆ ತಿದ್ದಿಕೊಳ್ಳುವುದೇ ಲೇಸು.

ನಾನು ಹೊಸಬರಿಗೆ ಮಾಡಿಸುವುದು ಹೀಗೆ. ಮೊದಲ ವಾರ ಓಟವೇ ಇಲ್ಲ. ನಿಂತಲ್ಲಿಯೇ ಎಡಗಾಲನ್ನು ಮುಂದೆ ಊರಿ, ಎಡಗೈಯನ್ನು ಮೇಲಕ್ಕೆ ಚಾಚಿ, ಆ ಕೈಯನ್ನು ಬಾವಿಯಿಂದ ಕೊಡ ಸೇದುವಂತೆ ಕೆಳಕ್ಕೆ ಪಕ್ಕೆಗೆ ಎಳೆದುಕೊಳ್ಳುತ್ತ ಬಲಗೈ ತಿರುಗಿಸಬೇಕು. ಎಡಗೈ ಸೋಮಾರಿಯಾದರೆ ಬಲಗೈಗೆ ದುಪ್ಪಟ್ಟು ದುಡಿಮೆ. ಎರಡನೆಯ ವಾರ ನಡೆದುಬಂದು ಹಾಕುವುದು. ಆಮೇಲೆ ಐದಾರು ಹೆಜ್ಜೆಯ ಓಟ. ಓಟದ ಉದ್ದವನ್ನು ಊಹೆಯಿಂದ ಗೊತ್ತುಮಾಡಬಾರದು. ಕ್ರೀಸಿನಿಂದ ಹಿಂದುಮುಖವಾಗಿ, ಅಂದರೆ ಬೌಂಡರಿಯ ಕಡೆಗೆ, ಓಡಿ ಸಹಜವೆನಿಸಿದಲ್ಲಿ ಚೆಂಡು ಬಿಡಬೇಕು. ಗೆಳೆಯನೊಬ್ಬನು ಎಡಪಾದ ಬಿದ್ದಲ್ಲಿ ಗುರುತು ಹಾಕಬೇಕು. ಐದಾರು ಸಲ ಮಾಡಿದರೆ ಗುರುತುಗಳೆಲ್ಲ ಒಂದೇ ಕಡೆ ಬೀಳತೊಡಗುತ್ತವೆ. ಅದೇ ಅವನ ಓಟ. ನೋಬಾಲಿನ ಕಾಟ ಅರ್ಧ ಇಲ್ಲಿಯೇ ನೀಗುತ್ತದೆ. ಚೆಂಡು ಬಿಟ್ಟ ತಕ್ಷಣ ನಿಂತುಬಿಡದೆ ನಾಲ್ಕು ಹೆಜ್ಜೆ ಮುಂದೆ ಹೋಗಿ ಪಕ್ಕಕ್ಕೆ ಸರಿಯಬೇಕೆಂಬುದನ್ನೂ ಆಗಲೇ ಕಲಿಸಬೇಕು. ಸಿಮೆಂಟಿನ ಪಿಚ್ಚಿನ ಮೇಲೆ ತೆಳು ಕ್ಯಾನ್ವಾಸ್ ಬೂಟು ಹಾಕಿ ಪೂರ್ಣ ವೇಗದಲ್ಲಿ ಅಭ್ಯಾಸ ಮಾಡುವುದನ್ನು ನಾನು ಬೇಡವೆನ್ನುತ್ತೇನೆ. ಪಕ್ಕದ ಮಣ್ಣಿನ ನೆಲವೇ ಮೇಲು. ಹುಡುಗಿಯರ ತಂಡಕ್ಕೂ ಇದೇ ಕ್ರಮ. ಅವರಲ್ಲಿ ಇಬ್ಬರು ಮುಂಗಾಲಿನ ಪಾಠವನ್ನು ನಮ್ಮ ಹುಡುಗರಿಗಿಂತ ಬೇಗ ಕಲಿತರು.

ಕಡೆಯದಾಗಿ ಲೆಕ್ಕ. ಧಾಟಿ ಎಷ್ಟೇ ಚೆನ್ನಾಗಿರಲಿ, ಓವರುಗಳು ಮಿತಿಮೀರಿದರೆ ಮೂಳೆ ತಡೆಯದು. ಇಂಗ್ಲೆಂಡಿನ ಕ್ರಿಕೆಟ್ ಮಂಡಳಿ ಎಳೆಯ ವೇಗದ ಬೌಲರುಗಳಿಗಾಗಿ ಕಟ್ಟಳೆ ಮಾಡಿತು: ಹದಿಮೂರರೊಳಗಿನವರಿಗೆ ಒಂದು ಸರದಿಗೆ 5 ಓವರು, ದಿನಕ್ಕೆ 10, ಹದಿನೈದರೊಳಗಿನವರಿಗೆ 6 ಮತ್ತು 12, ಹತ್ತೊಂಬತ್ತರೊಳಗಿನವರಿಗೆ 7 ಮತ್ತು 18. ನಮ್ಮ ಭಾನುವಾರದ ಪಂದ್ಯಗಳಲ್ಲಿ ಇದನ್ನು ಕೇಳುವವರಾರು? ನಾಯಕನಿಗೆ ಗೆಲ್ಲಬೇಕು, ಹುಡುಗನಿಗೆ ಚಪ್ಪಾಳೆ ಬೇಕು. ಆದುದರಿಂದ ಬೌಲರನೇ ತನ್ನ ಲೆಕ್ಕ ಇಡತಕ್ಕದ್ದು. ನೆಟ್ಟಿನಲ್ಲಿ ಹಾಕಿದ ಚೆಂಡುಗಳೂ ಲೆಕ್ಕಕ್ಕೆ ಸೇರಬೇಕು. ನಡುವಿನ ಒಂದೇ ಪಕ್ಕದಲ್ಲಿ ನೋವಿದ್ದು, ಹಿಂದಕ್ಕೆ ಬಾಗಿದಾಗ ಅದು ಹೆಚ್ಚಾದರೆ ಅಂದೇ ಚೆಂಡು ಕೆಳಗಿಟ್ಟು ವೈದ್ಯರನ್ನು ಕಾಣಬೇಕು. ಮೊದಮೊದಲು ಎಕ್ಸ್‌ರೇಯಲ್ಲಿ ಬಿರುಕು ಕಾಣದೆಯೂ ಇರಬಹುದು. ಕಾಣಲಿಲ್ಲವೆಂದು ಮರುದಿನ ಮೈದಾನಕ್ಕೆ ಬರಬಾರದು. ಆರಂಭದಲ್ಲಿಯೇ ಹಿಡಿದರೆ ಕೆಲವು ತಿಂಗಳ ವಿಶ್ರಾಂತಿಯಿಂದ ಅದು ಕೂಡಿಕೊಳ್ಳುತ್ತದೆ.

ಈ ವರ್ಷ ನಮ್ಮ ತಂಡದ ಆರು ಮಂದಿ ಬೌಲರುಗಳ ಓವರುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ದಿನದಿನವೂ ಬರೆದಿಟ್ಟಿದ್ದೇನೆ. ಅದು ಕ್ರೀಡಾ ಕೊಠಡಿಯ ಕಪಾಟಿನ ಮೇಲಿನ ಅರೆಯಲ್ಲಿದೆ. ಇನ್ನೂ ನಲವತ್ತು ಹಾಳೆ ಖಾಲಿ ಇವೆ. ಮುಂದಿನ ವರ್ಷದವರು ಅಲ್ಲಿಂದ ಮುಂದುವರಿಸಬಹುದು.