ನಮ್ಮ ದೀಪ ನಾವೇ ಮಾಡಿದೆವು

ರಾತ್ರಿ ಏಳೂವರೆ. ನಮ್ಮ ಕಲಿಕಾ ಕೇಂದ್ರದಲ್ಲಿ ಪಾಠ ಶುರುವಾಗಿತ್ತು. ಹಲಗೆಯ ಮೇಲೆ ಎರಡು ಸಾಲು ಬರೆಯುವಷ್ಟರಲ್ಲಿ ಕರೆಂಟು ಹೋಯಿತು.

ಮೂಲೆಯಲ್ಲಿ ಸೆಲ್ ಹಾಕುವ ದೀಪ ಇತ್ತು. ನಾವೇ ಹಣ ಕೂಡಿಸಿ ತಂದದ್ದು. ಕೆಟ್ಟು ಮೂರು ತಿಂಗಳಾಗಿತ್ತು. "ರಿಪೇರಿ ಆಗಲ್ಲ, ಹೊಸದು ತಗೊಳ್ಳಿ" ಅಂದಿದ್ದರು ಅಂಗಡಿಯವರು.

"ಬಿಚ್ಚಿ ನೋಡೋಣವಾ?" ಅಂದಳು ಒಬ್ಬಳು.

"ಬ್ಯಾಡ ಕಣೇ. ಅದೆಲ್ಲ ಓದಿದವರ ಕೆಲಸ. ನಮಗೆಲ್ಲಿ ಬರ್ತದೆ?" ಅಂದರು ಅಜ್ಜಿ.

ಆಗ ಪಾಠ ಹೇಳುವ ಅಕ್ಕ ನಮಗೊಂದು ಸಂಗತಿ ತಿಳಿಸಿದರು.

ರಾಜಸ್ಥಾನದಲ್ಲಿ ತಿಲೋನಿಯಾ ಎಂಬ ಊರಿದೆ. ಅಲ್ಲಿ 1972ರಲ್ಲಿ ಬಂಕರ್ ರಾಯ್ ಎಂಬುವರು ಒಂದು ಸಂಸ್ಥೆ ಕಟ್ಟಿದರು. ಅದಕ್ಕೆ 'ಬರಿಗಾಲಿನ ಕಾಲೇಜು' ಎಂದು ಹೆಸರಾಯಿತು. ಅಲ್ಲಿ ಶಾಲೆಯ ಮುಖ ಕಾಣದ ಹೆಂಗಸರು ಬಿಸಿಲಿನ ಶಕ್ತಿಯಿಂದ ಉರಿಯುವ ದೀಪಗಳನ್ನು ಮಾಡಲು ಕಲಿತರು. ಆಫ್ರಿಕಾದ ಹಳ್ಳಿಗಳಿಂದಲೂ ಅಜ್ಜಿಯರು ಬಂದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಕೈಸನ್ನೆ, ಬಣ್ಣ, ಅಂಕಿ, ಇವುಗಳಿಂದಲೇ ಪಾಠ. ಆರು ತಿಂಗಳು ಕಲಿತು ಊರಿಗೆ ಹೋಗಿ ತಮ್ಮ ಹಳ್ಳಿಗೆ ಬೆಳಕು ಕೊಟ್ಟರು.

"ಅವರಿಗೆ ಬಂದದ್ದು ನಮಗೂ ಬರಬೇಕಲ್ಲ!" ಅಂದೆವು ನಾವು.

ಬಣ್ಣದ ಅಕ್ಷರ

ಮುಂದಿನ ವಾರ ಅಕ್ಕ ಪೇಟೆಯಿಂದ ಸಾಮಾನು ತಂದರು. ಅದರಲ್ಲಿ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ವಸ್ತು ಇತ್ತು. ಎರಡು ತುದಿಗೂ ತಂತಿ. ಮೈಮೇಲೆ ಬಣ್ಣದ ಪಟ್ಟಿ. ಇದರ ಹೆಸರು ರೆಸಿಸ್ಟರ್. ಕೆರೆಯ ತೂಬು ನೀರನ್ನು ಹಿಡಿದು ಬಿಡುತ್ತದೆ. ರೆಸಿಸ್ಟರ್ ಕರೆಂಟನ್ನು ಹಿಡಿದು ಬಿಡುತ್ತದೆ. ಇದಿಲ್ಲದಿದ್ದರೆ ದೀಪ ಸುಟ್ಟುಹೋಗಬಹುದು.

ಪ್ರತಿ ಬಣ್ಣಕ್ಕೂ ಒಂದು ಅಂಕಿ:

ಕಪ್ಪು – 0
ಕಂದು – 1
ಕೆಂಪು – 2
ಕಿತ್ತಳೆ – 3
ಹಳದಿ – 4
ಹಸಿರು – 5
ನೀಲಿ – 6
ನೇರಳೆ – 7
ಬೂದು – 8
ಬಿಳಿ – 9

ನಮ್ಮ ರೆಸಿಸ್ಟರಿನಲ್ಲಿ ನಾಲ್ಕು ಪಟ್ಟಿ ಇದ್ದವು. ಚಿನ್ನದ ಬಣ್ಣದ ಪಟ್ಟಿ ಬಲಗಡೆಗೆ ಬರುವಂತೆ ಹಿಡಿದೆವು. ಎಡಗಡೆಯಿಂದ ಓದಿದೆವು. ಕಂದು, ಕಪ್ಪು, ಕಂದು. ಮೊದಲ ಎರಡು ಪಟ್ಟಿ ಅಂಕಿಗಳು: 1 ಮತ್ತು 0. ಮೂರನೆಯದು ಎಷ್ಟು ಸೊನ್ನೆ ಸೇರಿಸಬೇಕೆಂದು ಹೇಳುತ್ತದೆ. ಕಂದು ಎಂದರೆ ಒಂದು ಸೊನ್ನೆ. ಅಲ್ಲಿಗೆ 100. ಇದರ ಅಳತೆಗೆ 'ಓಮ್' ಅನ್ನುತ್ತಾರೆ.

"ಇದೂ ಒಂದು ಬರಹಾನೇ!" ಅಂದರು ಅಜ್ಜಿ.

ಮಾಡಿದ ಬಗೆ

ಬೇಕಾದ ಸಾಮಾನು: ಬಿಳಿ ಬೆಳಕಿನ ಸಣ್ಣ ಎಲ್.ಇ.ಡಿ. ದೀಪ 1, 100 ಓಮ್ ರೆಸಿಸ್ಟರ್ 1, ಒಂದೂವರೆ ವೋಲ್ಟಿನ ಸಣ್ಣ ಸೆಲ್ 3, ಮೂರು ಸೆಲ್ ಹಿಡಿಯುವ ತಂತಿ ಇರುವ ಡಬ್ಬಿ 1, ಅಂಟುಪಟ್ಟಿ.

1. ಡಬ್ಬಿಯ ಕೆಂಪು ತಂತಿಯನ್ನು ರೆಸಿಸ್ಟರಿನ ಒಂದು ತುದಿಗೆ ಹೊಸೆಯಿರಿ.
2. ರೆಸಿಸ್ಟರಿನ ಇನ್ನೊಂದು ತುದಿಯನ್ನು ದೀಪದ ಉದ್ದ ಕಾಲಿಗೆ ಹೊಸೆಯಿರಿ.
3. ಕಪ್ಪು ತಂತಿಯನ್ನು ಗಿಡ್ಡ ಕಾಲಿಗೆ ಹೊಸೆಯಿರಿ.
4. ಬರಿ ತಂತಿಗಳು ಒಂದಕ್ಕೊಂದು ತಾಗದಂತೆ ಅಂಟುಪಟ್ಟಿ ಸುತ್ತಿರಿ.
5. ಕೊನೆಗೆ ಸೆಲ್ ಹಾಕಿರಿ.

ನಾವು ಸೆಲ್ ಹಾಕಿದೆವು. ದೀಪ ಹತ್ತಲಿಲ್ಲ! ಎಲ್ಲರ ಮುಖ ಬಾಡಿತು. "ನಾನು ಹೇಳಲಿಲ್ಲವಾ, ಇದು ನಮ್ಮ ಕೈಲಿ ಆಗೋದಲ್ಲ" ಅಂದಳು ಒಬ್ಬಳು. ಅಜ್ಜಿ ಮಾತ್ರ ದೀಪವನ್ನು ಕಣ್ಣ ಹತ್ತಿರ ಹಿಡಿದು ನೋಡಿದರು. "ಉದ್ದ ಕಾಲು ಕರೀ ತಂತೀಲಿ ಐತಲ್ಲೇ!" ಅಂದರು. ಸೆಲ್ ತೆಗೆದೆವು. ದೀಪವನ್ನು ತಿರುಗಿಸಿ ಹೊಸೆದೆವು. ಸೆಲ್ ಹಾಕಿದೆವು. ಬೆಳಕು ಬಂತು!

ಅವತ್ತೇ ಕೆಟ್ಟ ದೀಪವನ್ನೂ ಬಿಚ್ಚಿದೆವು. ಒಳಗೆ ಒಂದು ತಂತಿ ಕಳಚಿತ್ತು, ಅಷ್ಟೇ. ಮೂರು ತಿಂಗಳು ಕತ್ತಲಲ್ಲಿ ಕೂತದ್ದು ಒಂದು ತಂತಿಗಾಗಿ! ರೇಡಿಯೊ ರಿಪೇರಿ ಮಾಡುವ ಅಣ್ಣನ ಹತ್ತಿರ ಬೆಸುಗೆ ಹಾಕಿಸಿದೆವು. ಹಾಕುವುದನ್ನು ನೋಡಿಕೊಂಡೆವು. ಎರಡನೆಯ ಸಲ ನಮ್ಮ ಕೈಯಿಂದಲೇ ಹಾಕಿದೆವು.

ಎಚ್ಚರ!

ನಮ್ಮ ದೀಪದ್ದು ನಾಲ್ಕೂವರೆ ವೋಲ್ಟು. ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ. ಮನೆಯ ಗೋಡೆಯ ಕರೆಂಟು 230 ವೋಲ್ಟು. ಅದು ಜೀವ ತೆಗೆಯುತ್ತದೆ. ಅದರ ತಂಟೆಗೆ ಹೋಗಬಾರದು. ಕೆಂಪು, ಕಪ್ಪು ತಂತಿಗಳನ್ನು ನೇರವಾಗಿ ತಾಗಿಸಬಾರದು. ಸೆಲ್ ಬಿಸಿಯಾಗಿ ಕೆಡುತ್ತದೆ.

ಅಕ್ಕಂದಿರೇ, ಈಗ ಕರೆಂಟು ಹೋದರೆ ನಮ್ಮ ಪಾಠ ನಿಲ್ಲುವುದಿಲ್ಲ. ದೀಪ ಕೆಟ್ಟರೆ ಮೊದಲು ಬಿಚ್ಚಿ ನೋಡುತ್ತೇವೆ. ಆಮೇಲೆ ಅಂಗಡಿಯ ಮಾತು.

ಅಭ್ಯಾಸ

1. ಕೆಂಪು, ಕೆಂಪು, ಕಂದು ಪಟ್ಟಿಯ ರೆಸಿಸ್ಟರ್ ಎಷ್ಟು ಓಮ್?
2. ಹಳದಿ, ನೇರಳೆ, ಕಂದು ಆದರೆ ಎಷ್ಟು?
3. ನಮ್ಮ ದೀಪ ಮೊದಲು ಏಕೆ ಹತ್ತಲಿಲ್ಲ?
4. ನಿಮ್ಮ ಮನೆಯಲ್ಲಿ ಕೆಟ್ಟು ಕೂತಿರುವ ಸೆಲ್ಲಿನ ವಸ್ತು ಯಾವುದು? ಅದರ ಹೆಸರು ಬರೆಯಿರಿ. ಗುಂಪಿನಲ್ಲಿ ಕೂತು ಬಿಚ್ಚಿ ನೋಡಿ.